ಸುಂಕದ ಕಟ್ಟೆಯಲ್ಲಿ ಒಂದು ಹಕ್ಕಿ

ಅಮೂರ್ತ ಕಲೆಯನ್ನು ಕಂಡೊಡನೆ ‘ಇದು ಯಾವುದರ ಹಾಗಿದೆ?’ ಎಂದು ಕೇಳುವುದು ನಮ್ಮೆಲ್ಲರ ವಾಡಿಕೆ. 1926ರಲ್ಲಿ ನ್ಯೂಯಾರ್ಕಿನ ಸುಂಕದ ಅಧಿಕಾರಿಗಳೂ ಅದನ್ನೇ ಕೇಳಿದರು. ರುಮೇನಿಯಾದ ಶಿಲ್ಪಿ ಬ್ರಾಂಕೂಸಿಯವರ ‘ಆಕಾಶದಲ್ಲಿ ಹಕ್ಕಿ’ ಫ್ರಾನ್ಸಿನಿಂದ ಹಡಗಿನಲ್ಲಿ ಬಂದಿಳಿದಿತ್ತು. ಕೊಂಡವರು ಛಾಯಾಚಿತ್ರಕಾರ ಸ್ಟೈಕನ್. ಕೊಕ್ಕಿಲ್ಲ, ರೆಕ್ಕೆಯಿಲ್ಲ, ಪುಕ್ಕವಿಲ್ಲ. ನುಣ್ಣಗೆ ಮೆರುಗಿಟ್ಟ ನೀಳವಾದ ಕಂಚು. ಕಲಾಕೃತಿಗಳಿಗೆ ಸುಂಕವಿರಲಿಲ್ಲ, ಇದನ್ನಾದರೋ ಅಡಿಗೆಯ ಪಾತ್ರೆ, ಆಸ್ಪತ್ರೆಯ ಸಲಕರಣೆಗಳ ವರ್ಗಕ್ಕೆ ಸೇರಿಸಿ, ಬೆಲೆಯ ಮೇಲೆ ನೂರಕ್ಕೆ 40ರಂತೆ ಸುಂಕ ವಿಧಿಸಿದರು. ಅವರನ್ನು ನೋಡಿ ನಗುವುದು ಸುಲಭ. ಆದರೆ ಶಿಲ್ಪವೆಂದರೆ ಪ್ರಕೃತಿಯ ವಸ್ತುಗಳ ಅನುಕರಣವೆಂಬ 1916ರ ತೀರ್ಪೊಂದು ಅವರ ಬೆಂಬಲಕ್ಕಿತ್ತು.

ವ್ಯಾಜ್ಯವು ನ್ಯಾಯಸ್ಥಾನಕ್ಕೇರಿತು. ಕಾಡಿನಲ್ಲಿ ಇದನ್ನು ಕಂಡರೆ ಗುಂಡು ಹಾರಿಸುವಿರಾ ಎಂದು ಸ್ಟೈಕನ್ನರನ್ನು ಕೇಳಿದ್ದೂ ಉಂಟು! 1928ರ ನವೆಂಬರಿನಲ್ಲಿ ತೀರ್ಪು ಹೊರಬಿತ್ತು: ಹಕ್ಕಿಯ ಹೋಲಿಕೆ ಕಾಣುವುದು ಕಷ್ಟವಾದರೂ ಇದು ವೃತ್ತಿಶಿಲ್ಪಿಯ ಸ್ವಂತ ಕೃತಿ, ನೋಡಲು ಸುಂದರ, ಅಲಂಕಾರದ ಹೊರತು ಬೇರೆ ಉಪಯೋಗವಿಲ್ಲದ್ದು, ಆದಕಾರಣ ಸುಂಕವಿಲ್ಲ.

ಸುಂಕಕ್ಕೆ ಇಷ್ಟು ಸಾಕು. ಕೊಳ್ಳುವವರಿಗೆ ಸಾಲದೆಂದು ನಮ್ಮ ಎಣಿಕೆ. ಅವರು ಕೃತಿಯ ಸುತ್ತ ನಾಲ್ಕು ಹೆಜ್ಜೆ ನಡೆಯಬೇಕು, ಮೆರುಗಿನಲ್ಲಿ ಬೆಳಕು ಮೇಲಕ್ಕೇರುವುದನ್ನು ಕಾಣಬೇಕು. ಶಿಲ್ಪಿ ಹಿಡಿಯಹೊರಟದ್ದು ಹಾರಾಟವನ್ನು. ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರರು ಇದನ್ನು ಬಲ್ಲವರಾಗಿದ್ದಿರಬೇಕು. 1930ರ ದಶಕದಲ್ಲಿ ಅವರು ಕಂಚು, ಕರಿಯ ಅಮೃತಶಿಲೆ, ಬಿಳಿಯ ಅಮೃತಶಿಲೆಗಳ ಮೂರು ಹಕ್ಕಿಗಳನ್ನು ಕೊಂಡರು; ಅವುಗಳಿಗೊಂದು ಮಂದಿರ ಕಟ್ಟಿಸಲೆಂದು ಶಿಲ್ಪಿಯನ್ನು ಇಂದೂರಿಗೂ ಬರಮಾಡಿಕೊಂಡರು. ಮಂದಿರ ಏಳಲಿಲ್ಲ. ಅಮೃತಶಿಲೆಯ ಜೋಡಿಯನ್ನು 1973ರಲ್ಲಿ ಆಸ್ಟ್ರೇಲಿಯಾ ದೇಶ ಕೊಂಡಿತು. ಅವು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಕಲಾಸಂಗ್ರಹದಲ್ಲಿವೆ.