ಅಭಿಮಾನಿ ಯಾರ ಅಭಿಮಾನಿ? ವಾರ್ಸಾ, ಗದಗ, ಹೊಸೂರು

ಹೊಸೂರಿನಲ್ಲಿ ಕೂತು ಪೋಲೆಂಡಿನ ನಾಟಕದ ಚರಿತ್ರೆ ಯಾಕೆ ಓದ್ತಿದ್ದೀಯ ಅಂತ ವಿಭಾಗದಲ್ಲಿ ಹಲವರು ಕೇಳಿದ್ದಾರೆ. ಗಡಿಯ ಕಾರಣಕ್ಕೆ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಬಾರಾಮಹಲನ್ನು, ಅಂದರೆ ಕೃಷ್ಣಗಿರಿ ಸೀಮೆಯನ್ನು, ಕಂಪನಿಗೆ ಬಿಟ್ಟುಕೊಡಬೇಕಾಯಿತು. 1799ರ ನಂತರ ಹೊಸೂರೂ ಹೋಯಿತು. ಅದೇ ದಶಕದಲ್ಲಿ, 1795ಕ್ಕೆ, ಪೋಲೆಂಡ್ ನಕ್ಷೆಯಿಂದಲೇ ಮಾಯವಾಯಿತು. ಎರಡೂ ಒಂದೇ ಅಂತ ನನ್ನ ವಾದವಲ್ಲ. ಆಳುವವರ ಭಾಷೆ ಬೇರೆಯಾದಾಗ ನಾಟಕದ ಮುಂದೆ ಕೂತ ಜನ ಏನು ಮಾಡ್ತಾರೆ ಅನ್ನೋದಷ್ಟೇ ನನ್ನ ಪ್ರಶ್ನೆ.

1863ರ ದಂಗೆ ಸೋತ ಮೇಲೆ ವಾರ್ಸಾದ ಶಾಲೆ, ಕಚೇರಿಗಳಿಗೆ ರಷ್ಯನ್ ಬಂತು. ಪೋಲಿಷ್ ಬಹಿರಂಗವಾಗಿ ಕೇಳಿಸುತ್ತಿದ್ದ ಕೆಲವೇ ಜಾಗಗಳಲ್ಲಿ ರಂಗಮಂದಿರ ಒಂದು, ಅದೂ ಸೆನ್ಸಾರಿನ ಕೆಳಗೆ. ಅಲ್ಲಿನ ತಾರೆ ಹೆಲೆನಾ ಮೊಜೆಯೆವ್ಸ್ಕಾ 1876ರಲ್ಲಿ ಅಮೆರಿಕಕ್ಕೆ ಹೋದವರು, ಆಗಾಗ ವಾಪಸು ಬಂದು ಆಡುತ್ತಿದ್ದರು. 1880ರ ದಶಕದಲ್ಲಿ ಶಾಲೆಯ ಹುಡುಗರು ಪೋಲೆಂಡಿನ ಬಣ್ಣಗಳಾದ ಕೆಂಪು-ಬಿಳಿ ಪಟ್ಟಿ ಕಟ್ಟಿದ ಹೂಗುಚ್ಛ ಕೊಟ್ಟು ಶಾಲೆಯಿಂದ ಹೊರಬಿದ್ದರು. ನಟಿಗೆ ಹೂ ಕೊಟ್ಟದ್ದಕ್ಕೆ ಶಿಕ್ಷೆಯೇ ಅಂದರೆ, ಅಲ್ಲ, ದೇಶದ ಬಣ್ಣಕ್ಕೆ ಶಿಕ್ಷೆ.

ಈಗ ನಮ್ಮ ಕಡೆ ನೋಡಿ. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಮೆರೆಯುತ್ತಿದ್ದದ್ದು ಮರಾಠಿ ಕಂಪನಿಗಳು. ತಮಾಷೆ ಏನೆಂದರೆ, 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮೊದಲ ಮರಾಠಿ ನಾಟಕ ಆಡಿಸಿದ್ದಕ್ಕೆ ಪ್ರೇರಣೆ ಕನ್ನಡದ ಭಾಗವತರ ಆಟ! ನಾವು ಕೊಟ್ಟದ್ದೇ ನಮ್ಮೂರಿಗೆ ಟಿಕೆಟ್ ಹಾಕಿಕೊಂಡು ಬಂತು. ಇದಕ್ಕೆ ಎದುರಾಗಿ ಶಾಲಾ ಮಾಸ್ತರರಾಗಿದ್ದ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ಮಂಡಳಿ ಕಟ್ಟಿ, ‘ಉಷಾಹರಣ’ದಂಥ ನಾಟಕ ಬರೆದರು. ಪುರಾಣದ ಕಥೆಯೇ. ಆದರೆ ಅದನ್ನು ಕನ್ನಡದಲ್ಲಿ ನೋಡುವುದೇ ಒಂದು ನಿಲುವಾಗಿತ್ತು.

ಇಲ್ಲಿ ನಮ್ಮ ಮಾತೇ ನೆರವಿಗೆ ಬರುತ್ತೆ. ನಟನ ಅಭಿಮಾನಿ, ಭಾಷಾಭಿಮಾನಿ: ಎರಡಕ್ಕೂ ಒಂದೇ ಪದ. ಇಂಗ್ಲಿಷಿನ ‘ಫ್ಯಾನ್’ ಹಿಡಿದು ಹೊರಟರೆ ವಾರ್ಸಾದ ಹುಡುಗರು ಅರ್ಥವಾಗಲ್ಲ, ‘ಅಭಿಮಾನ’ ಹಿಡಿದರೆ ಆಗ್ತಾರೆ.

1876ರಲ್ಲೇ ಬ್ರಿಟಿಷರು ನಾಟಕ ಪ್ರದರ್ಶನ ಕಾಯ್ದೆ ತಂದರು. ಕಲ್ಕತ್ತೆಯ ನಾಟಕಗಳ ಮೇಲಿನ ಸಿಟ್ಟಿಗೆ ಹುಟ್ಟಿದ್ದು, ಆದರೆ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸಿತು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿತು. ಚಾಮರಾಜೇಂದ್ರರು ಅರಮನೆಯಲ್ಲೇ ನಾಟಕ ಸಭೆ ಸಾಕಿದರು. ಹಾಗಾಗಿ ಆನೇಕಲ್ಲಿನಿಂದ ಹೊಸೂರಿಗೆ ಬಂದ ಮೇಳ ಅರಸರ ಸೀಮೆ ದಾಟಿ ಮದ್ರಾಸ್ ಸರ್ಕಾರದ ಕೈಗೆ ಬರುತ್ತಿತ್ತು. ಜನ, ಸಂತೆ, ಮಾತು ಮಾತ್ರ ಎರಡೂ ಕಡೆ ಬೆರೆತೇ ಇದ್ದವು.

ಕಚೇರಿ ಕಡತದಲ್ಲಿ ಸಿಗೋದು ನಿಷೇಧವಾದ ನಾಟಕ. ರಾತ್ರಿಯೆಲ್ಲ ಕೂತು ನೋಡಿದವರು ಅಲ್ಲಿಲ್ಲ. ಅವರನ್ನು ಹುಡುಕಲು ನಾನು ಗಡಿಯ ಮನೆತನಗಳ ಕಡೆ ತಿರುಗಿದ್ದೇನೆ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಗಾಜನೂರಿನ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ನಟರಾಗಿದ್ದರು. ಅವರ ಮಗ ರಾಜ್‌ಕುಮಾರ್ ಮುಂದೆ ಪ್ರೇಕ್ಷಕರನ್ನು ‘ಅಭಿಮಾನಿ ದೇವರು’ ಅಂದರು. ಆ ಎರಡು ಪದ ಒಟ್ಟಿಗೆ ಬಂದದ್ದು ಕಂಪನಿ ನಾಟಕದ ಗರಡಿಯಿಂದಲೇ ಅಂತ ನನ್ನ ಗುಮಾನಿ. ಗುಬ್ಬಿ ಕಂಪನಿಯ ಹಳೇ ಹ್ಯಾಂಡ್‌ಬಿಲ್ಲುಗಳು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.