ಪ್ಲೈವುಡ್ ಹಲಗೆಯ ಬೂಷ್ಟು (ಸುತ್ತೂರು ಸೀಮೆ)

ಪ್ಲೈವುಡ್ ಮೇಲೆ ಶಿಲೀಂಧ್ರ ಬೆಳೆದು ಮೂಡುವ ಹಸಿರು, ಕಪ್ಪು ಅಥವಾ ಬಿಳಿ ಪದರವೇ ಬೂಷ್ಟು. ಆಸ್ಪರ್ಜಿಲಸ್, ಪೆನಿಸಿಲಿಯಂ, ಟ್ರೈಕೊಡರ್ಮ ಇದರ ಸಾಮಾನ್ಯ ಕುಲಗಳು. ಇವು ತಿನ್ನುವುದು ಮರದಲ್ಲಿ ಉಳಿದ ಸಕ್ಕರೆ ಮತ್ತು ಪಿಷ್ಟವನ್ನು. ನಾರಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಹಾಗಾಗಿ ಬೂಷ್ಟು ಹಿಡಿದ ಮಾತ್ರಕ್ಕೆ ಹಲಗೆ ಬಲಗುಂದದು. ಆದರೆ ಹಲಗೆಯ ತೇವಾಂಶ ಸುಮಾರು ಶೇ 28 ದಾಟಿ ಹಾಗೆಯೇ ನಿಂತರೆ ಮರ ಕೊಳೆಸುವ ಶಿಲೀಂಧ್ರಗಳಿಗೂ ದಾರಿಯಾಗುತ್ತದೆ.

ನಂಜನಗೂಡು ತಾಲ್ಲೂಕಿನ ಸುತ್ತೂರು ಕಪಿಲೆಯ (ಕಬಿನಿ) ದಡದ ಊರು. ನದಿ ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಮಲೆನಾಡಿನ ಮಳೆ ಇಲ್ಲಿಲ್ಲ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಮಳೆ ಜೋರಾಗುತ್ತದೆ. 2018 ಮತ್ತು 2019ರ ಆಗಸ್ಟ್‌ನಂತೆ ಕಬಿನಿ ಜಲಾಶಯದಿಂದ ಭಾರೀ ನೀರು ಬಿಟ್ಟಾಗ ತಗ್ಗಿನ ಮನೆಗಳಿಗೂ ನೆರೆ ನುಗ್ಗುತ್ತದೆ. ಆದರೂ ಇಲ್ಲಿನ ಶೆಡ್ಡುಗಳ ಹಲಗೆಯನ್ನು ಕೆಡಿಸುವುದು ನೆರೆಗಿಂತ ಹೆಚ್ಚಾಗಿ ನೆಲದಿಂದ ಏರುವ ತೇವ ಮತ್ತು ಚಳಿಗಾಲದ ರಾತ್ರಿ ಜಿಂಕ್ ಶೀಟ್ ಚಾವಣಿಯ ಒಳಮೈಯಲ್ಲಿ ಕಟ್ಟಿ ತೊಟ್ಟಿಕ್ಕುವ ಹನಿ.

ಅಂಗಡಿಯಲ್ಲಿ ಮೊದಲು ಕೇಳಿಬರುವ ಸಲಹೆ ‘ಮರೀನ್ ಪ್ಲೈ ಹಾಕಿ’ ಎಂಬುದು. ಅದು ಅರ್ಧ ಸತ್ಯ. ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ನ ಭಾರತೀಯ ಮಾನಕ. ಐಎಸ್ 710 ಮರೀನ್ ಪ್ಲೈವುಡ್‌ನದು. ಎಂಆರ್ (ತೇವ ತಡೆಯುವ) ದರ್ಜೆಯಲ್ಲಿ ಸಾಮಾನ್ಯವಾಗಿ ಯೂರಿಯ ಫಾರ್ಮಾಲ್ಡಿಹೈಡ್ ಅಂಟು, ಬಿಡಬ್ಲ್ಯುಆರ್ (ಕುದಿನೀರು ತಾಳುವ) ಮತ್ತು ಮರೀನ್ ಹಲಗೆಗಳಲ್ಲಿ ಫೀನಾಲ್ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಒಳ್ಳೆಯ ಅಂಟು ಪದರ ಬಿಡದಂತೆ ನೋಡಿಕೊಳ್ಳುತ್ತದೆ, ಮರೀನ್ ಹಲಗೆಗೆ ಸೇರಿಸುವ ಸಂರಕ್ಷಕ ಹುಳು ಮತ್ತು ಕೊಳೆಯನ್ನು ತಡೆಯುತ್ತದೆ. ಮೇಲ್ಮೈಯಲ್ಲಿ ತೇವ, ಮರದ ಪುಡಿ ಕೂತರೆ ದುಬಾರಿ ಹಲಗೆಯೂ ಬೂಷ್ಟು ಹಿಡಿಯುತ್ತದೆ. ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 80ರ ಮೇಲೆ ದಿನಗಟ್ಟಲೆ ನಿಲ್ಲುವುದಷ್ಟೇ ಸಾಕು.

ಆದ್ದರಿಂದ ದುಡ್ಡಿಗಿಂತ ಜೋಡಣೆಗೆ ಹೆಚ್ಚು ಗಮನ ಬೇಕು. ಹೊಸ ಕಾಂಕ್ರೀಟ್ ನೆಲ 28 ದಿನಕ್ಕೆ ಬಲ ಪಡೆಯುತ್ತದೆ, ಒಣಗುವುದಿಲ್ಲ. ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆಯ ಅಂಚುಗಳನ್ನು ಟೇಪಿನಿಂದ ಮುಚ್ಚಿ ಒಂದೆರಡು ದಿನ ಬಿಟ್ಟರೆ ಅಡಿಯಲ್ಲಿ ಹನಿ ಕಟ್ಟುವುದೋ ಇಲ್ಲವೋ ತಿಳಿಯುತ್ತದೆ. ಹಲಗೆಯನ್ನು ಗೋಡೆಗೆ ನೇರ ಒರಗಿಸದೆ 20–25 ಮಿ.ಮೀ. ರೀಪರ್ ಮೇಲೆ ಹೊಡೆದು, ಕೆಳಗೂ ಮೇಲೂ ಸಂದು ಬಿಟ್ಟರೆ ಹಿಂದೆ ಗಾಳಿ ಆಡುತ್ತದೆ. ಹಲಗೆಯ ಕೆಳ ಅಂಚು ನೆಲ ಮುಟ್ಟಬಾರದು. 8×4 ಅಡಿಯ ಹಲಗೆ ನೀರು ಕುಡಿಯುವುದು ಮುಖ್ಯವಾಗಿ ಕೊಯ್ದ ಅಂಚಿನಿಂದ. ಅಲ್ಲಿ ನಾರಿನ ತುದಿಗಳು ತೆರೆದಿರುತ್ತವೆ. ಬಡಗಿಗಳು ಅವಸರದಲ್ಲಿ ಬಿಟ್ಟುಬಿಡುವ ಕೆಲಸವೂ ಇದೇ: ಜೋಡಿಸುವ ಮೊದಲು ಅಂಚಿಗೆ ಎರಡು ಕೋಟ್ ಪ್ರೈಮರ್. ಮುಂಭಾಗಕ್ಕೆ ಮಾತ್ರ ಸನ್‌ಮೈಕ ಅಂಟಿಸಿ ಹಿಂಬದಿಯನ್ನು ಬರಿದಾಗಿ ಬಿಟ್ಟರೆ ಹಲಗೆ ಬಾಗುತ್ತದೆ, ಬೂಷ್ಟೂ ಅಲ್ಲೇ ಕಾಣುತ್ತದೆ.

ಬೊರಾಕ್ಸ್ ಮತ್ತು ಬೋರಿಕ್ ಆಮ್ಲವನ್ನು ಸುಮಾರು 1.5:1ರ ಪ್ರಮಾಣದಲ್ಲಿ ನೀರಿಗೆ ಬೆರೆಸಿ ಬಳಿಯುವುದು ಅಗ್ಗದ ಉಪಾಯ. ಅಂಟಿನ ಪದರ ಅಡ್ಡ ಬರುವುದರಿಂದ ದ್ರಾವಣ ಮೇಲಿನ ವಿನಿಯರ್ ದಾಟಿ ಒಳಗೆ ಹೆಚ್ಚು ಇಳಿಯುವುದಿಲ್ಲ. ಮಳೆ ತಗುಲಿದರೆ ತೊಳೆದೂ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಪೇಂಟ್ ಅಥವಾ ವಾರ್ನಿಷ್‌ನಿಂದ ಮುಚ್ಚಲೇಬೇಕು. ಹಸಿ ಹಲಗೆಗೆ ಪೇಂಟ್ ಬಳಿದರೆ ತೇವ ಒಳಗೇ ಸೆರೆಯಾಗುತ್ತದೆ.

ಬಂದ ಬೂಷ್ಟನ್ನು ಒಣ ಬ್ರಷ್‌ನಿಂದ ಕೆರೆದರೆ ಬೀಜಾಣು ಹಾರುತ್ತವೆ. ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಗಾಳಿಗೆ ಒಣಗಿಸಿ, ಆಮೇಲೆ ಮರಳುಕಾಗದ ತಿಕ್ಕುವುದು ಸರಿ. ಬ್ಲೀಚ್ ಬಣ್ಣ ತೆಗೆಯುತ್ತದೆ, ಜೊತೆಗೆ ಮರಕ್ಕೆ ನೀರನ್ನೂ ಕುಡಿಸುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಪದರ ಬಿಟ್ಟಿರಬಹುದು. ಪದರ ಬಿಟ್ಟ ಹಲಗೆಯನ್ನು ಬದಲಿಸಬೇಕು.