ಅಮೃತಶಿಲೆಯಲ್ಲಿ ತಾಯಿಯ ಮಡಿಲು

ತಪಸ್ಸುಕಾಲದ ಶುಕ್ರವಾರಗಳಂದು ಶಿಲುಬೆಯ ಹಾದಿಯ ಹದಿಮೂರನೆಯ ಸ್ಥಳಕ್ಕೆ ಬಂದು ಮೊಣಕಾಲೂರುತ್ತೇವೆ. ಶಿಲುಬೆಯಿಂದ ಇಳಿಸಿದ ಪ್ರಭುವಿನ ದೇಹ ತಾಯಿಯ ಮಡಿಲಲ್ಲಿದೆ. ಈ ದೃಶ್ಯ ನಮಗೆ ಎಷ್ಟು ಪರಿಚಿತವೆಂದರೆ, ಅದು ಶುಭಸಂದೇಶದಲ್ಲೇ ಬರೆದಿದೆ ಎಂದುಕೊಂಡವರು ಬಹಳ ಮಂದಿ. ಪ್ರಿಯ ಓದುಗರೇ, ಒಮ್ಮೆ ತೆರೆದು ನೋಡಿ. ಅರಿಮತಾಯದ ಜೋಸೆಫ್ ಪಿಲಾತನನ್ನು ಕೇಳಿ ದೇಹವನ್ನು ಪಡೆದುಕೊಂಡರು. ನಿಕೊದೇಮರು ಸುಗಂಧದ್ರವ್ಯಗಳನ್ನು ತಂದರು. ನಾರುಬಟ್ಟೆಯಲ್ಲಿ ಸುತ್ತಿ ಸಮಾಧಿ ಮಾಡಿದರು. ತಾಯಿ ಶಿಲುಬೆಯ ಬಳಿ ನಿಂತಿದ್ದರೆಂದು ಯೊವಾನ್ನರು ಬರೆದಿದ್ದಾರೆ. ಮಡಿಲ ಮಾತು ಎಲ್ಲೂ ಇಲ್ಲ.

ಅದನ್ನು ಸೇರಿಸಿದ್ದು ಭಕ್ತರ ಪ್ರಾರ್ಥನೆ. ಇಳಿಸಿದ ಮೇಲೆ, ಹೂಳುವ ಮುಂಚೆ, ಹೆತ್ತವಳು ಮಗನನ್ನು ಒಂದು ಗಳಿಗೆಯಾದರೂ ಎತ್ತಿಕೊಂಡಿರದೆ ಇರುತ್ತಾಳೆಯೇ? ಸುಮಾರು 1300ರ ಹೊತ್ತಿಗೆ ಜರ್ಮನ್ ನಾಡುಗಳಲ್ಲಿ ಈ ದೃಶ್ಯವನ್ನು ಮರದಲ್ಲಿ ಕೆತ್ತತೊಡಗಿದರು. ಸೆಟೆದ ದೇಹ, ಬಾಯ್ದೆರೆದ ಗಾಯಗಳು, ಅತ್ತು ಸೊರಗಿದ ತಾಯಿಯ ಮುಖ. ಅಲ್ಲಿಂದ ಅದು ಫ್ರಾನ್ಸಿಗೆ ಹರಡಿತು. ಇಟಲಿಯವರು ಇದನ್ನು ‘ಪಿಯೆತಾ’ ಎಂದರು. ಕನಿಕರ, ಭಕ್ತಿ ಎರಡೂ ಆ ಒಂದೇ ಪದದಲ್ಲಿವೆ.

ರೋಮಿನಲ್ಲಿದ್ದ ಫ್ರಾನ್ಸಿನ ಕಾರ್ಡಿನಲ್ ಝಾನ್ ಬಿಲ್ಹೇರ್ ಅವರಿಗೆ ತಮ್ಮ ಸಮಾಧಿಯ ಬಳಿ ಇಂಥದೊಂದು ಮೂರ್ತಿ ಬೇಕೆನಿಸಿತು. 1498ರ ಆಗಸ್ಟ್ 27ರಂದು ಕರಾರು ಆಯಿತು. ಒಂದು ವರ್ಷದ ಗಡುವು, 450 ಚಿನ್ನದ ಡುಕಾಟ್ ನಾಣ್ಯಗಳ ಸಂಭಾವನೆ. ಶಿಲ್ಪಿಗೆ ಆಗ 23 ವರ್ಷ, ಊರು ಫ್ಲಾರೆನ್ಸ್, ಹೆಸರು ಮೈಕೆಲ್ಯಾಂಜೆಲೊ. ರೋಮಿನಲ್ಲಿ ಇಂದು ಬದುಕಿರುವ ಯಾವ ಶಿಲ್ಪಿಯೂ ಇದಕ್ಕಿಂತ ಚೆನ್ನಾಗಿ ಮಾಡಲಾರ ಎಂದು ಜಾಮೀನು ನಿಂತವನು ಯಾಕೊಪೊ ಗಲ್ಲಿ ಎಂಬ ಸಿರಿವಂತ. ಹುಡುಗನ ಮೇಲೆ ಅಷ್ಟು ಭರವಸೆ ಇಟ್ಟವನನ್ನೂ ನಾವು ನೆನೆಯಬೇಕು.

ಕರಾರಿಗೂ ಮುಂಚೆಯೇ ಮೈಕೆಲ್ಯಾಂಜೆಲೊ ಕಲ್ಲು ಹುಡುಕಿಕೊಂಡು ಕರಾರಾ ಬೆಟ್ಟಗಳಿಗೆ ಹೋಗಿದ್ದ. ಪ್ರಾಚೀನ ರೋಮನ್ನರ ಕಾಲದಿಂದಲೂ ಕಲ್ಲು ತೆಗೆಯುತ್ತಿರುವ ಬೆಟ್ಟಗಳವು. ಅಮೃತಶಿಲೆ ಮೂಲತಃ ಸುಣ್ಣದ ಕಲ್ಲೇ. ಕಡಲ ತಳದಲ್ಲಿ ಚಿಪ್ಪುಗಳು ಪದರ ಪದರವಾಗಿ ಕೂತು ಸುಣ್ಣಕಲ್ಲಾಗುತ್ತವೆ. ಅದು ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಹರಳುಗಟ್ಟಿದರೆ ಅಮೃತಶಿಲೆ. ನಮ್ಮ ಕಡೆಯ ಕರಿಕಲ್ಲಿಗಿಂತ ಇದು ಮೆದು. ಬೆಳಕು ಇದರ ಮೇಲ್ಮೈಯಿಂದ ತುಸು ಒಳಗಿಳಿದು ಹಿಂದಿರುಗುತ್ತದೆ, ಹಾಗಾಗಿ ನಯಮಾಡಿದ ಅಮೃತಶಿಲೆ ಮನುಷ್ಯರ ಚರ್ಮದಂತೆ ಕಾಣುತ್ತದೆ. ಆದರೆ ಕಲ್ಲಿನ ಒಳಗೆ ಏನಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಬಿರುಕೋ ಕಪ್ಪು ಎಳೆಯೋ ಇದ್ದರೆ ಅದು ಗೊತ್ತಾಗುವುದು ಉಳಿಯ ಏಟು ಬಿದ್ದ ಮೇಲೆಯೇ. ಮೇಣದ ಬೊಂಬೆಗೆ ಮೇಣ ಮೆತ್ತಬಹುದು; ಕೆತ್ತಿ ತೆಗೆದ ಕಲ್ಲನ್ನು ಮತ್ತೆ ಕೂಡಿಸಲಾಗದು.

ಆ ಸಲ ಕಲ್ಲು ಕೈಕೊಡಲಿಲ್ಲ. 174 ಸೆಂಟಿಮೀಟರ್ ಎತ್ತರದ ಆ ಮೂರ್ತಿ ಇಂದು ಸಂತ ಪೇತ್ರರ ಮಹಾದೇವಾಲಯದಲ್ಲಿ, ಒಳಗೆ ಕಾಲಿಟ್ಟೊಡನೆ ಬಲಕ್ಕೆ ಸಿಗುವ ಮೊದಲ ಪೂಜಾಂಕಣದಲ್ಲಿದೆ. ಅದರ ಪಡಿಯಚ್ಚುಗಳು, ಚಿತ್ರಗಳು ಊರೂರಿಗೂ ತಲುಪಿವೆ. ಬೆಳೆದ ಗಂಡಸಿನ ದೇಹ ಒಬ್ಬ ಹೆಂಗಸಿನ ಮಡಿಲಲ್ಲಿ ಹಿಡಿಸುವುದು ಹೇಗೆ? ಮಾತೆಯ ಉಡುಪನ್ನು ಶಿಲ್ಪಿ ಮಡಿಕೆ ಮಡಿಕೆಯಾಗಿ ಹರಡಿ ಮಡಿಲನ್ನು ಅಗಲಿಸಿದ್ದಾನೆ. ಆ ತಾಯಿ ಎದ್ದು ನಿಂತರೆ ಮಗನಿಗಿಂತ ಎಷ್ಟೋ ಎತ್ತರವಾಗುತ್ತಾರೆ. ನೋಡುವವರಿಗೆ ಅದು ಹೊಳೆಯುವುದೇ ಇಲ್ಲ. ಅವರ ಮುಖದಲ್ಲಿ ಕಣ್ಣೀರಿಲ್ಲ. ಬಲಗೈ ಮಗನನ್ನು ಹಿಡಿದಿದೆ, ಎಡಗೈ ತೆರೆದುಕೊಂಡಿದೆ. ಮೂವತ್ತು ದಾಟಿದ ಮಗನ ತಾಯಿ ಇಷ್ಟು ಎಳೆಯರಾಗಿರುವುದು ಹೇಗೆಂದು ಆ ಕಾಲದವರೇ ಆಕ್ಷೇಪಿಸಿದ್ದರು. ನಿಷ್ಕಳಂಕ ಜೀವನ ನಡೆಸಿದವರ ಮುಖ ಬೇಗ ಬಾಡುವುದಿಲ್ಲ ಎಂಬರ್ಥದ ಉತ್ತರವನ್ನು ಮೈಕೆಲ್ಯಾಂಜೆಲೊ ಕೊಟ್ಟನೆಂದು ಅವನ ಶಿಷ್ಯ ಕೊಂದಿವಿ ದಾಖಲಿಸಿದ್ದಾನೆ.

ಮಾತೆಯ ಎದೆಯ ಮೇಲಿನ ಪಟ್ಟಿಯಲ್ಲಿ ಶಿಲ್ಪಿಯ ಹೆಸರಿದೆ. ಅವನು ಸಹಿ ಹಾಕಿದ ಒಂದೇ ಕೃತಿ ಇದು. ಯಾರೋ ಯಾತ್ರಿಕರು ಇದು ಬೇರೊಬ್ಬನ ಕೆಲಸವೆಂದದ್ದು ಕಿವಿಗೆ ಬಿದ್ದು, ರಾತ್ರಿ ದೀಪ ಹಿಡಿದು ಬಂದು ಹೆಸರು ಕೆತ್ತಿದ ಎಂದು ವಸಾರಿ ಹೇಳುತ್ತಾನೆ. ಕಥೆ ಸೊಗಸಾಗಿದೆ. ಆದರೆ ಆ ಅಕ್ಷರಗಳು ಅವಸರದಲ್ಲಿ ಕೆತ್ತಿದಂತೆ ಕಾಣುವುದಿಲ್ಲ.

1972ರ ಮೇ 21, ಪೆಂತೆಕೋಸ್ತ್ ಭಾನುವಾರ. ಮತಿವಿಕಲನಾದ ಒಬ್ಬ ವ್ಯಕ್ತಿ ಕಟಕಟೆ ಹಾರಿ ಸುತ್ತಿಗೆಯಿಂದ ಮಾತೆಯ ಮೂರ್ತಿಗೆ ಹೊಡೆದ. ಎಡಗೈ ಮುರಿದು ಬಿತ್ತು. ಮೂಗು, ಕಣ್ಣಿನ ರೆಪ್ಪೆ ಒಡೆದವು. ಚೂರುಗಳನ್ನು ನೆಲದಿಂದ ಆಯ್ದರು. ಗಾಯ ಕಾಣುವಂತೆ ಬಿಡಬೇಕೋ, ಪೂರ್ತಿ ಮುಚ್ಚಬೇಕೋ ಎಂದು ಬಲ್ಲವರಲ್ಲೇ ಚರ್ಚೆ ನಡೆಯಿತು. ಮುಖ ಒಡೆದ ತಾಯಿಯ ಮುಂದೆ ಜನ ಪ್ರಾರ್ಥಿಸುವುದು ಹೇಗೆ? ಹಳೆಯ ಅಚ್ಚುಗಳ ನೆರವಿನಿಂದ, ಅಮೃತಶಿಲೆಯ ಪುಡಿಯನ್ನು ಅಂಟಿನಲ್ಲಿ ಕಲಸಿ, ವ್ಯಾಟಿಕನ್ನಿನ ತಜ್ಞರು ಎಲ್ಲವನ್ನೂ ಮೊದಲಿನಂತೆ ಕೂಡಿಸಿದರು. ಅಂದಿನಿಂದ ಮೂರ್ತಿ ಗಾಜಿನ ಹಿಂದಿದೆ. 2025ರ ಜುಬಿಲಿಗೆ ಮುನ್ನ ಆ ಗಾಜನ್ನೂ ಹೊಸದಾಗಿ ಹಾಕಿದರು.

ಲೋಕಕ್ಕೆಲ್ಲ ಗೊತ್ತಿರುವುದು ಈ ಒಂದು ಪಿಯೆತಾ. ಇದೇ ಶಿಲ್ಪಿ ಮುಪ್ಪಿನಲ್ಲಿ ಮತ್ತೆರಡು ಸಲ ಇದೇ ದೃಶ್ಯಕ್ಕೆ ಕೈಹಾಕಿದ. ಆ ಎರಡೂ ಮುಗಿಯಲಿಲ್ಲ.

ಅಷ್ಟರಲ್ಲಿ ಕಲ್ಲಿನ ಕಷ್ಟವನ್ನು ಅವನು ಉಂಡಿದ್ದ. ಫ್ಲಾರೆನ್ಸಿನ ಸಂತ ಲೊರೆನ್ಸೊ ದೇವಾಲಯದ ಮುಂಭಾಗಕ್ಕೆಂದು ಪೋಪ್ ಹತ್ತನೆಯ ಲಿಯೋ ಅವನನ್ನು ಕರಾರಾ ಬಿಟ್ಟು ಸೆರವೆಜ್ಜಾ ಬೆಟ್ಟಕ್ಕೆ ಕಳುಹಿಸಿದರು. ಹೊಸ ಕ್ವಾರಿ; ದಾರಿಯನ್ನೂ ಅವನೇ ಮಾಡಿಸಬೇಕಿತ್ತು. 1518ರಲ್ಲಿ ಕಂಬವೊಂದನ್ನು ಇಳಿಸುವಾಗ ಒಬ್ಬ ಕೆಲಸಗಾರ ಕುತ್ತಿಗೆ ಮುರಿದು ಅಲ್ಲೇ ಸತ್ತ. ತನ್ನ ಜೀವವೂ ಹೋಗುತ್ತಿತ್ತೆಂದು ಮೈಕೆಲ್ಯಾಂಜೆಲೊ ಪತ್ರದಲ್ಲಿ ಬರೆದ. 1520ರಲ್ಲಿ ಕೆಲಸವೇ ರದ್ದಾಯಿತು. ಆ ಮುಂಭಾಗ ಇಂದಿಗೂ ಬರಿಗಲ್ಲಿನ ಗೋಡೆ.

ಎಪ್ಪತ್ತು ದಾಟಿದ ಮೇಲೆ, ಯಾರೂ ಕೇಳದೆ, ತನ್ನ ಸಮಾಧಿಗೆಂದೇ ಎರಡನೆಯ ಪಿಯೆತಾ ಆರಂಭಿಸಿದ. ಹಗಲೆಲ್ಲ ಸಂತ ಪೇತ್ರರ ಮಹಾದೇವಾಲಯ ಕಟ್ಟಿಸುವ ಹೊಣೆ. ರಾತ್ರಿ ಕಾಗದದ ಟೊಪ್ಪಿಗೆಗೆ ಮೇಣದಬತ್ತಿ ಸಿಕ್ಕಿಸಿಕೊಂಡು ಕೆತ್ತುತ್ತಿದ್ದ. ಇಲ್ಲಿ ಪ್ರಭುವಿನ ದೇಹ ಕುಸಿಯುತ್ತಿದೆ, ಮಾತೆ ಒಂದು ಕಡೆ, ಮಗ್ದಲದ ಮರಿಯ ಇನ್ನೊಂದು ಕಡೆ. ಹಿಂದೆ ನಿಂತು ಭಾರ ಹೊತ್ತವರು ನಿಕೊದೇಮರು. ಆ ಮುದಿಮುಖ ಶಿಲ್ಪಿಯದೇ. 1555ರ ಸುಮಾರಿಗೆ ಅವನೇ ಸುತ್ತಿಗೆ ಎತ್ತಿ ಅದನ್ನು ಒಡೆದನೆಂದು ವಸಾರಿ ಬರೆದ. ಶಿಷ್ಯನೊಬ್ಬ ಚೂರುಗಳನ್ನು ಕೂಡಿಸಿದ. ಪ್ರಭುವಿನ ಎಡಗಾಲು ಮಾತ್ರ ಇಲ್ಲ. ಮುಂಗೋಪಿ ಮುದುಕನ ಸಿಟ್ಟು ಎಂದೇ ಜನ ನಾಲ್ಕೂವರೆ ಶತಮಾನ ಹೇಳುತ್ತ ಬಂದರು. 2019ರಿಂದ 2021ರವರೆಗೆ ಫ್ಲಾರೆನ್ಸಿನಲ್ಲಿ ಮೂರ್ತಿಯನ್ನು ಶುಚಿಗೊಳಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು. ಕಲ್ಲು ಕರಾರಾದ್ದಲ್ಲ, ಸೆರವೆಜ್ಜಾದ್ದು. ಅದರ ತುಂಬ ಕೂದಲೆಳೆಯ ಬಿರುಕುಗಳು, ಉಳಿ ತಾಗಿದರೆ ಕಿಡಿ ಹಾರಿಸುವ ಗಂಧಕಯುಕ್ತ ಕಬ್ಬಿಣದ ಕಣಗಳು. ಸುತ್ತಿಗೆ ಏಟಿನ ಗುರುತು ತಜ್ಞರಿಗೆ ಸಿಗಲಿಲ್ಲ. ಕಲ್ಲೇ ಅವನನ್ನು ಸೋಲಿಸಿತ್ತೆಂದು ನನಗನ್ನಿಸುತ್ತದೆ.

ಮೂರನೆಯದು ಮಿಲಾನ್ ನಗರದಲ್ಲಿದೆ. 1564ರ ಫೆಬ್ರವರಿ 18ರಂದು, 88ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ; ಅದಕ್ಕೆ ಕೆಲವೇ ದಿನಗಳ ಹಿಂದೆಯೂ ನಿಂತುಕೊಂಡು ಈ ಕಲ್ಲನ್ನು ಕೆತ್ತುತ್ತಿದ್ದ. ಇಲ್ಲಿ ಮಡಿಲಿಲ್ಲ. ತಾಯಿ ನಿಂತಿದ್ದಾರೆ, ಮಗನ ದೇಹವನ್ನು ಹಿಂದಿನಿಂದ ಎತ್ತಿ ಹಿಡಿದಿದ್ದಾರೆ. ಆದರೆ ಹೊತ್ತವರು ಯಾರು, ಹೊರಿಸಿಕೊಂಡವರು ಯಾರು ಎಂಬುದೇ ತಿಳಿಯದಷ್ಟು ಇಬ್ಬರ ದೇಹಗಳೂ ಒಂದಾಗಿವೆ. ಮೊದಲು ಕೆತ್ತಿದ್ದ ಮಗನ ರೂಪವನ್ನು ಕಡಿದು ಹಾಕಿ, ತಾಯಿಯ ದೇಹದ ಕಲ್ಲಿನಿಂದಲೇ ಹೊಸ ರೂಪವನ್ನು ತೆಗೆಯುತ್ತಿದ್ದ. ಆ ಮೊದಲ ರೂಪದ ಬಲಗೈ ಮಾತ್ರ ಪಕ್ಕದಲ್ಲಿ ಒಂಟಿಯಾಗಿ ಉಳಿದಿದೆ. ಸುತ್ತಲಿನ ಕಲ್ಲೆಲ್ಲ ಉಳಿಯ ಗೀರುಗಳಿಂದ ತುಂಬಿದ್ದರೆ, ಆ ಕೈ ರೋಮಿನ ಮೂರ್ತಿಯ ಹಾಗೆಯೇ ನುಣುಪಾಗಿದೆ.